ಹವ್ಯಾಸಿಗಳ ಕಚೇರಿಯನ್ನು ತೂಗುವ ಬಗೆ

ಹಗಲೆಲ್ಲ ಒಬ್ಬಾಕೆ ಮಾರುಕಟ್ಟೆಯಲ್ಲಿ ವ್ಯಾಪಾರಕ್ಕೆ ಕೂರುತ್ತಾಳೆ. ಇನ್ನೊಬ್ಬ ವಿದ್ಯುತ್ ತಂತಿ ಜೋಡಿಸುತ್ತಾನೆ, ಬಿಡುವಾದಾಗ ಕ್ಷೌರವನ್ನೂ ಮಾಡುತ್ತಾನೆ. ಸಂಜೆಯಾಯಿತೆಂದರೆ ಇಬ್ಬರ ಕೈಯಲ್ಲೂ ವಾದ್ಯ! ಇವರು ಆಫ್ರಿಕದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ರಾಜಧಾನಿ ಕಿನ್ಶಾಸದ ಹವ್ಯಾಸಿ ವಾದ್ಯವೃಂದಕ್ಕೆ ಸೇರಿದವರು. ಈ ವೃಂದ ಬಯಲಿನಲ್ಲಿ, ಸಾವಿರಾರು ಜನರ ಎದುರು, ಬೀಥೋವನನ ಒಂಬತ್ತನೆಯ ಸಿಂಫೊನಿಯನ್ನು ನುಡಿಸಿದ ಬಗೆಯನ್ನು 2010ರಲ್ಲಿ ತೆರೆಕಂಡ ‘ಕಿನ್ಶಾಸ ಸಿಂಫೊನಿ’ ಎಂಬ ಜರ್ಮನ್ ಸಾಕ್ಷ್ಯಚಿತ್ರ ಲೋಕದ ಮುಂದಿಟ್ಟಿತು.

ಇಂಥ ಕಚೇರಿಯನ್ನು ವಿಮರ್ಶಕನು ಯಾವ ತಕ್ಕಡಿಯಲ್ಲಿ ತೂಗಬೇಕು? ಸುಲಭದ ದಾರಿಗಳು ಎರಡಿವೆ. ವಿಯೆನ್ನಾ, ಬರ್ಲಿನ್‌ಗಳ ಪ್ರಸಿದ್ಧ ವೃಂದಗಳ ಪಕ್ಕದಲ್ಲಿಟ್ಟು ತಪ್ಪುಗಳನ್ನು ಎಣಿಸುವುದು ಒಂದು. ‘ಪಾಪ, ಇಷ್ಟಾದರೂ ನುಡಿಸಿದರಲ್ಲ’ ಎಂದು ಬೆನ್ನು ತಟ್ಟುವುದು ಇನ್ನೊಂದು. ಮೊದಲನೆಯದು ನಿಷ್ಠುರ, ಎರಡನೆಯದು ಅದಕ್ಕಿಂತಲೂ ದೊಡ್ಡ ಅವಮಾನ. ಕಲಾವಿದನು ಬೇಡುವುದು ಕಿವಿಯನ್ನು, ಕನಿಕರವನ್ನಲ್ಲ.

ಈ ವೃಂದವನ್ನು 1994ರಲ್ಲಿ ಕಟ್ಟಿದವರು ಆರ್ಮಂಡ್ ಡಿಯಾಂಗಿಯೆಂಡಾ. ವಿಮಾನ ಚಾಲಕರಾಗಿದ್ದ ಅವರು ಆ ಉದ್ಯೋಗ ಕಳೆದುಕೊಂಡ ಬಳಿಕ ಸಂಗೀತದತ್ತ ತಿರುಗಿದರು. ಆರಂಭದಲ್ಲಿ ಪಿಟೀಲುಗಳು ಕೆಲವೇ, ಕಲಿಯುವವರು ಹಲವರು. ಒಬ್ಬರು ಸ್ವಲ್ಪ ಹೊತ್ತು ನುಡಿಸಿ, ವಾದ್ಯವನ್ನು ಮತ್ತೊಬ್ಬರ ಕೈಗೆ ದಾಟಿಸುತ್ತಿದ್ದರು. ತಂತಿ ಕಡಿದರೆ ಸೈಕಲ್ಲಿನ ಬ್ರೇಕಿನ ತಂತಿಯೇ ಆಸರೆ. ಅಂಥ ತಂತಿ ಶ್ರುತಿಯಲ್ಲಿ ನಿಲ್ಲದಿದ್ದರೆ ದೋಷ ವಾದ್ಯದ್ದು. ಆದರೆ ಪಕ್ಕದವನ ಸ್ವರವನ್ನು ಕೇಳದೆ ಮುಂದೆ ಓಡಿದರೆ ದೋಷ ವಾದಕನದು. ಈ ಎರಡನ್ನು ಬೇರ್ಪಡಿಸಿ ನೋಡುವುದೇ ನ್ಯಾಯವಾದ ವಿಮರ್ಶೆಯ ಮೊದಲ ಪಾಠ.

ಎರಡನೆಯ ಪಾಠ, ಪರೀಕ್ಷಿಸುವ ಜಾಗ ಯಾವುದೆಂಬುದು. ನಗಾರಿ ತುತೂರಿಗಳ ಆರ್ಭಟದಲ್ಲಿ ನೂರು ತಪ್ಪುಗಳು ಮುಚ್ಚಿಹೋಗುತ್ತವೆ. ಒಂಬತ್ತನೆಯ ಸಿಂಫೊನಿಯ ಕೊನೆಯ ಭಾಗದಲ್ಲಿ ಆನಂದದ ಆ ಪ್ರಸಿದ್ಧ ರಾಗವು ಮೊದಲು ಕೇಳಿಬರುವುದು ಸೆಲ್ಲೋ ಮತ್ತು ಡಬಲ್ ಬಾಸ್‌ಗಳ ಮಂದ್ರಸ್ವರದಲ್ಲಿ. ಬೇರಾವ ಮೇಳವೂ ಇಲ್ಲದೆ, ಮೆಲ್ಲಮೆಲ್ಲನೆ. ಅಲ್ಲಿ ಒಂದೇ ಬೆರಳು ಜಾರಿದರೂ ಸಭೆಗೆ ಗೊತ್ತಾಗುತ್ತದೆ. ಹವ್ಯಾಸಿಗಳ ನಿಜವಾದ ಸತ್ತ್ವ ತಿಳಿಯುವುದು ಇಂಥ ಮೌನದ ಅಂಚಿನಲ್ಲಿಯೇ.

ಕಿನ್ಶಾಸದವರಲ್ಲಿ ಕೊರತೆಗಳಿಲ್ಲವೆ? ಇವೆ. ಅಭ್ಯಾಸದ ನಡುವೆ ನಿರ್ದೇಶಕರು ತಡೆದು ತಿದ್ದುವುದನ್ನೂ, ವಿದ್ಯುತ್ ಹೋಗಿ ಕತ್ತಲಾಗುವುದನ್ನೂ ಚಿತ್ರ ಮರೆಮಾಚುವುದಿಲ್ಲ. ಗಾಯಕರಿಗೆ ಜರ್ಮನ್ ಮಾತೃಭಾಷೆಯಲ್ಲ. ಒಂದೊಂದು ಶಬ್ದದ ಉಚ್ಚಾರವನ್ನೂ ಪಟ್ಟುಹಿಡಿದು ಕಲಿಯಬೇಕು. ಶ್ರುತಿ ಅಲ್ಲಲ್ಲಿ ಸಡಿಲುತ್ತದೆ. ಕೃತಿಯ ಕಟ್ಟಡ ಮಾತ್ರ ಕುಸಿಯುವುದಿಲ್ಲ. ಎಲ್ಲರೂ ಒಂದೇ ಗುರಿಯತ್ತ ನಡೆಯುತ್ತಿರುವರೆಂಬುದು ಕೇಳುವವನ ಅರಿವಿಗೆ ಬರುತ್ತದೆ.

ಇಷ್ಟಕ್ಕೂ ಹವ್ಯಾಸಿಗಳಿಗೆ ಈ ಕೃತಿ ಅನ್ಯವೇನೂ ಅಲ್ಲ. 1824ರ ಮೇ 7ರಂದು ವಿಯೆನ್ನಾದಲ್ಲಿ ಇದು ಮೊದಲು ಬೆಳಕು ಕಂಡಾಗ ರಂಗಮಂದಿರದ ವೃತ್ತಿವಾದಕರೊಡನೆ ಹವ್ಯಾಸಿಗಳೂ ಕುಳಿತಿದ್ದರು. ಪೂರ್ಣ ತಾಲೀಮು ನಡೆದದ್ದು ಎರಡೇ ಬಾರಿ. ಆ ದಿನದ ವಾದನವೂ ನಿರ್ದೋಷವಾಗಿರಲಿಲ್ಲ. ಆದರೂ ಕಿವಿ ಕೇಳದ ಬೀಥೋವನನನ್ನು ಗಾಯಕಿಯೊಬ್ಬಳು ಸಭೆಯತ್ತ ತಿರುಗಿಸಿದಾಗ ಆತ ಕಂಡದ್ದು ಕೇಳಿಸದ ಕರತಾಡನವನ್ನು!

ಕಿನ್ಶಾಸದವರ ಸಾಧನೆಯನ್ನು ಲೋಕ ಗುರುತಿಸದೆ ಹೋಗಲಿಲ್ಲ. 2013ರಲ್ಲಿ ಲಂಡನ್ನಿನ ರಾಯಲ್ ಫಿಲ್ಹಾರ್ಮೊನಿಕ್ ಸೊಸೈಟಿ ಡಿಯಾಂಗಿಯೆಂಡಾ ಅವರಿಗೆ ಗೌರವ ಸದಸ್ಯತ್ವ ನೀಡಿತು. 2014ರಲ್ಲಿ ವೃಂದವೇ ಇಂಗ್ಲೆಂಡಿಗೆ ಹೋಗಿ ನುಡಿಸಿತು.

ಹವ್ಯಾಸಿಗಳ ಕಚೇರಿಗೆ ಬೇರೆ ತಕ್ಕಡಿ ಬೇಕಿಲ್ಲ. ತಕ್ಕಡಿ ಅದೇ ಇರಲಿ. ತಪ್ಪನ್ನು ತಪ್ಪೆಂದೇ ಹೇಳಲಿ. ಆದರೆ ಒಂದು ತಟ್ಟೆಯಲ್ಲಿ ಜಾರಿದ ಸ್ವರಗಳನ್ನಿಡುವ ವಿಮರ್ಶಕನು, ದುಡಿದು ದಣಿದ ಕೈಗಳು ಕೂಡಿ ನಿಲ್ಲಿಸಿದ ಸಂಗೀತವನ್ನು ಇನ್ನೊಂದು ತಟ್ಟೆಯಲ್ಲಿಡಲು ಮರೆಯಬಾರದು.