ರಿಮ್ ಬಿಡದ ಡರ್ಟ್ ಬೈಕ್ ಟೈರ್: ಬಲ ಬೇಡ, ಉಪಾಯ ಸಾಕು

ಕಾಮಯಗೌಂಡನ್‌ಪಟ್ಟಿ: ದ್ರಾಕ್ಷಿ ತೋಟದ ಬದು ಇರಲಿ, ಕಂಬಂಮೆಟ್ಟು ಹತ್ತಿ ಏಲಕ್ಕಿ ತೋಟಕ್ಕೆ ಹೋಗುವ ಕಲ್ಲುದಾರಿ ಇರಲಿ, ಅಲ್ಲಿ ಓಡುವ ಬೈಕಿಗೆ ಮುಳ್ಳು ಚುಚ್ಚುವುದು ಹೊಸ ಸಂಗತಿಯಲ್ಲ. ಟ್ಯೂಬಿಗೆ ಪಂಕ್ಚರ್ ಹಾಕುವುದು ಸುಲಭ. ಆದರೆ ಟೈರ್ ರಿಮ್ ಬಿಟ್ಟು ಬಂದರೆ ತಾನೆ? ಸಿಟ್ಟಿನಿಂದ ಸುತ್ತಿಗೆ, ಉಳಿ ಹಿಡಿದರೆ ರಿಮ್ ಸೊಟ್ಟಗಾಗುತ್ತದೆ, ಟ್ಯೂಬ್ ಹರಿಯುತ್ತದೆ, ಬೆರಳು ಜಜ್ಜುತ್ತದೆ. ನೂರು ರೂಪಾಯಿಯ ಕೆಲಸ ಸಾವಿರಕ್ಕೆ ಮುಟ್ಟುತ್ತದೆ.

2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200ರಂತಹ ಬೈಕುಗಳಿಗೆ ಕಡ್ಡಿ ಚಕ್ರ, ಒಳಗೆ ಟ್ಯೂಬ್. ಮುಂದೆ 21 ಇಂಚು, ಹಿಂದೆ 18 ಇಂಚು. ಇಂಥ ಚಕ್ರ ಬಿಚ್ಚುವ ಕ್ರಮ ತಿಳಿದಿರುವುದು ಒಳ್ಳೆಯದು.

ಏಕೆ ಅಂಟುತ್ತದೆ?

ಟೈರಿನ ಎರಡೂ ಅಂಚುಗಳ ಒಳಗೆ ಉಕ್ಕಿನ ತಂತಿಯ ಬಳೆ ಇದೆ. ಇದಕ್ಕೆ ಬೀಡ್ ಎನ್ನುತ್ತಾರೆ. ಗಾಳಿಯ ಒತ್ತಡ ಇದನ್ನು ರಿಮ್ಮಿನ ಅಂಚಿಗೆ ಒತ್ತಿ ಕೂರಿಸುತ್ತದೆ. ವರ್ಷಗಟ್ಟಲೆ ಬಿಚ್ಚದಿದ್ದರೆ ಕೆಸರು, ತುಕ್ಕು, ಬಿಸಿಲಿಗೆ ಗಟ್ಟಿಯಾದ ರಬ್ಬರ್ ಮೂರೂ ಸೇರಿ ಅಂಟಿನಂತೆ ಹಿಡಿಯುತ್ತವೆ.

ಮೊದಲು ಸಡಿಲಿಸಿ

ಚಕ್ರವನ್ನು ಹಳೆಯ ಟೈರಿನ ಮೇಲೆ ಮಲಗಿಸಿ. ಬ್ರೇಕ್ ಡಿಸ್ಕ್ ನೆಲಕ್ಕೆ ತಾಗಬಾರದು. ವಾಲ್ವಿನ ಒಳಗಿನ ಪಿನ್ ತೆಗೆದು ಗಾಳಿಯನ್ನು ಪೂರ್ತಿ ಬಿಡಿ, ವಾಲ್ವ್ ನಟ್ ಬಿಚ್ಚಿ. ಕೆಲವು ಬೈಕುಗಳಲ್ಲಿ ವಾಲ್ವ್ ಹತ್ತಿರ ಇನ್ನೊಂದು ಬೋಲ್ಟ್ ಕಾಣುತ್ತದೆ. ಅದು ರಿಮ್ ಲಾಕ್, ಟೈರ್ ಜಾರದಂತೆ ಅಂಚನ್ನು ಕಚ್ಚಿ ಹಿಡಿಯುತ್ತದೆ. ಅದರ ನಟ್ಟನ್ನು ಬೋಲ್ಟಿನ ತುದಿಯವರೆಗೆ ಸಡಿಲಿಸಿ ಒಳಕ್ಕೆ ತಳ್ಳಿ. ಇದನ್ನು ಮರೆತರೆ ಭೀಮನೇ ಬಂದರೂ ಟೈರ್ ಬರುವುದಿಲ್ಲ.

ಈಗ ಅಂಚಿಗೆ ಸುತ್ತಲೂ ಸೋಪು ನೀರು ಹಾಕಿ ಸ್ವಲ್ಪ ಹೊತ್ತು ಬಿಡಿ. ರಿಮ್ಮಿನ ಪಕ್ಕದಲ್ಲೇ ಟೈರನ್ನು ಹಿಮ್ಮಡಿಯಿಂದ ತುಳಿಯುತ್ತ ಒಂದು ಸುತ್ತು ಬನ್ನಿ. ಜಗ್ಗದಿದ್ದರೆ ಇನ್ನೊಂದು ಬೈಕಿನ ಸೈಡ್ ಸ್ಟ್ಯಾಂಡನ್ನು ಟೈರಿನ ಮೇಲೆ, ರಿಮ್ಮಿಗೆ ತಾಗದಂತೆ ಇಟ್ಟು, ಆ ಬೈಕನ್ನು ಮೆಲ್ಲಗೆ ವಾಲಿಸಿ. ಬೈಕ್ ಹಿಡಿಯಲು ಒಬ್ಬರು ಬೇಕೇಬೇಕು. ಚಕ್ರ ತಿರುಗಿಸಿ ಎರಡೂ ಬದಿ ಹೀಗೆಯೇ ಬಿಡಿಸಿ.

ಗುಟ್ಟು ನಡುವಿನ ಹಳ್ಳದಲ್ಲಿ

ತಂತಿಯ ಬಳೆ ಹಿಗ್ಗುವುದಿಲ್ಲ. ಹಾಗಾದರೆ ರಿಮ್ ದಾಟಿ ಹೊರಬರುವುದು ಹೇಗೆ? ರಿಮ್ಮಿನ ನಡುವೆ ಸುತ್ತಲೂ ಒಂದು ಹಳ್ಳ ಇದೆ. ಒಂದು ಕಡೆಯ ಅಂಚು ಆ ಹಳ್ಳಕ್ಕೆ ಇಳಿದರೆ ಎದುರು ಕಡೆ ಅಷ್ಟು ಜಾಗ ಸಿಗುತ್ತದೆ. ತಂತಿ ಅಂಚಿನ ಟೈರಿಗೆ ಇಂಗ್ಲೆಂಡಿನ ಚಾರ್ಲ್ಸ್ ವೆಲ್ಚ್ ಪೇಟೆಂಟ್ ಪಡೆದದ್ದು 1890ರಲ್ಲಿ. ಅಂದಿನಿಂದ ಉಪಾಯ ಇದೇ.

ಆದ್ದರಿಂದ ಲಿವರ್ ಹಾಕುವ ಜಾಗದ ಎದುರು ಬದಿಯನ್ನು ಮೊಣಕಾಲಿನಿಂದ ಒತ್ತಿ ಹಳ್ಳಕ್ಕೆ ಇಳಿಸಿ. ರಿಮ್ ಲಾಕ್ ಇರುವ ಕಡೆ ಅಂಚು ಹಳ್ಳಕ್ಕೆ ಇಳಿಯದು, ಹಾಗಾಗಿ ಲಿವರನ್ನು ಆ ಕಡೆಯಿಂದಲೇ ಶುರು ಮಾಡಿ. ಎರಡು ಇಂಚಿನಷ್ಟೇ ಮೀಟಿ, ಮೊದಲ ಲಿವರ್ ಹಾಗೇ ಹಿಡಿದು ಪಕ್ಕದಲ್ಲಿ ಇನ್ನೊಂದು ಹಾಕಿ. ತುದಿ ಆಳಕ್ಕೆ ಹೋದರೆ ಟ್ಯೂಬ್ ಕಚ್ಚುತ್ತದೆ. ಲಿವರ್ ವಿಪರೀತ ಬಿಗಿಯಾದರೆ ಒತ್ತಾಯ ಮಾಡಬೇಡಿ. ಎದುರಿನ ಅಂಚು ಹಳ್ಳದಿಂದ ಮೇಲೆ ಬಂದಿದೆ ಎಂದೇ ಅರ್ಥ. ಒಂದು ಅಂಚು ಪೂರ್ತಿ ಹೊರಬಂದ ಮೇಲೆ ಟ್ಯೂಬ್ ಎಳೆದುಕೊಳ್ಳಿ. ಟೈರ್ ಬದಲಿಸುವುದಿದ್ದರೆ ಮಾತ್ರ ಎರಡನೇ ಅಂಚನ್ನೂ ತೆಗೆಯಿರಿ.

ಇವು ಬೇಡ

ಪೆಟ್ರೋಲ್, ಡೀಸೆಲ್, ಹಳೆಯ ಎಂಜಿನ್ ಆಯಿಲ್ ಹಾಕಬೇಡಿ, ರಬ್ಬರ್ ಹಾಳಾಗುತ್ತದೆ. ಬೆಂಕಿಯಿಂದ ಕಾಯಿಸುವುದಂತೂ ಜೀವಕ್ಕೇ ಅಪಾಯ. ತಂತಿ ಬಳೆ ಕೊಯ್ದು ತೆಗೆದ ಟೈರ್ ಮತ್ತೆ ಹಾಕಲು ಬಾರದು.

ಮರಳಿ ಹಾಕುವಾಗ ಒಳಗಿನ ಮುಳ್ಳನ್ನು ಬಟ್ಟೆಯಿಂದ ತಡವಿ ಹುಡುಕಿ, ತುಕ್ಕನ್ನು ಉಜ್ಜಿ ತೆಗೆಯಿರಿ, ಟೈರಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿರಲಿ. ಅಂಚು ಕೂರಲೆಂದು ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡ ಮೀರಿ ಗಾಳಿ ಹೊಡೆಯಬೇಡಿ. ಕೂರದಿದ್ದರೆ ಗಾಳಿ ಬಿಟ್ಟು, ಸೋಪು ನೀರು ಹಾಕಿ ಮತ್ತೆ ಪ್ರಯತ್ನಿಸಿ. ರಿಮ್ ಬಿರುಕು ಬಿಟ್ಟಿದ್ದರೆ ಅಥವಾ ಕಡ್ಡಿ ಮುರಿದಿದ್ದರೆ ಆ ಚಕ್ರದಲ್ಲಿ ಘಾಟಿ ಇಳಿಯಬೇಡಿ, ಮೆಕ್ಯಾನಿಕ್‌ಗೆ ತೋರಿಸಿ.