ಉಸಿರುಕೊಳವೆ ಇಷ್ಟು ಗಿಡ್ಡವೇಕೆ?

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ, ನೇತ್ರಾಣಿ ಎಂಬ ಪುಟ್ಟ ದ್ವೀಪವಿದೆ. ಪಾರಿವಾಳ ದ್ವೀಪವೆಂದೂ ಇದನ್ನು ಕರೆಯುವುದುಂಟು. ಇದರ ಬುಡದ ಬಂಡೆಗಳ ಮೇಲೆ ಹವಳದ ಜೀವಿಗಳು ನೆಲೆಸಿವೆ; ಅವುಗಳ ಸುತ್ತ ಬಣ್ಣಬಣ್ಣದ ಮೀನುಗಳು ಹಿಂಡುಗಟ್ಟಿ ತಿರುಗುತ್ತವೆ. ಮಳೆಗಾಲ ಕಳೆದು ಕಡಲು ಶಾಂತವಾದ ತಿಂಗಳುಗಳಲ್ಲಿ ಈ ನೋಟವನ್ನು ಕಾಣಲು ಘಟ್ಟದ ಮೇಲಿನ ಊರುಗಳಿಂದಲೂ ಜನರು ಸಂಸಾರಸಮೇತರಾಗಿ ಬರುತ್ತಾರೆ. ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡ, ಬಾಯಲ್ಲಿ ಕಚ್ಚಿ ಹಿಡಿಯುವ ಬಾಗಿದ ಕೊಳವೆ, ಮೈಯನ್ನು ತೇಲಿಸುವ ಅಂಗಿ, ಇಷ್ಟೇ ಇದಕ್ಕೆ ಬೇಕಾದ ಸಲಕರಣೆ. ನೀರಿನ ಮೇಲೆ ಬೋರಲಾಗಿ ತೇಲುತ್ತ, ಮುಖವನ್ನು ಮಾತ್ರ ಅದ್ದಿ ಕೆಳಗಿನ ಲೋಕವನ್ನು ನೋಡುವ ಈ ವಿನೋದಕ್ಕೆ ಸ್ನಾರ್ಕೆಲಿಂಗ್ ಎಂದು ಹೆಸರು.

ಆ ಕೊಳವೆಯ ಉದ್ದ ಒಂದು ಮೊಳಕ್ಕಿಂತಲೂ ಕಡಿಮೆ. ಅದನ್ನು ಕಂಡ ಚುರುಕು ವಿದ್ಯಾರ್ಥಿಗೆ ಒಂದು ಪ್ರಶ್ನೆ ಏಳುವುದು ಸಹಜ. ಕೊಳವೆಯನ್ನು ಎರಡು ಮೀಟರು ಉದ್ದ ಮಾಡಿದರೆ ಹವಳದ ಬಳಿಯೇ ಕುಳಿತು ಉಸಿರಾಡಬಹುದಲ್ಲವೆ? ಆಗದು. ಏಕೆ ಆಗದೆಂಬುದನ್ನು ಅರಿಯದೆ ಮಾಡಿ ನೋಡಹೊರಟರೆ ಪ್ರಾಣಕ್ಕೇ ಅಪಾಯ. ಆದುದರಿಂದ ಈ ವಿಷಯವನ್ನು ನಾವು ಸ್ವಲ್ಪ ಲೆಕ್ಕ ಹಾಕಿಯೇ ವಿಚಾರಿಸೋಣ.

ಮೊದಲು ಮುಖವಾಡವನ್ನು ನೋಡೋಣ. ಬರಿಗಣ್ಣನ್ನು ನೀರಿನಲ್ಲಿ ತೆರೆದರೆ ಎಲ್ಲವೂ ಮಸುಕು. ಬೆಳಕನ್ನು ಬಾಗಿಸಿ ಅಕ್ಷಿಪಟಲದ ಮೇಲೆ ಬಿಂಬ ಮೂಡಿಸುವ ಕೆಲಸದಲ್ಲಿ ಸುಮಾರು ಮೂರನೆಯ ಎರಡು ಪಾಲು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯದು. ಗಾಳಿಯಿಂದ ಈ ಪೊರೆಯೊಳಕ್ಕೆ ಬರುವ ಕಿರಣ ಚೆನ್ನಾಗಿ ಬಾಗುತ್ತದೆ. ಆದರೆ ನೀರಿನ ವಕ್ರೀಭವನಾಂಕ 1.33, ಪೊರೆಯದು ಸುಮಾರು 1.38. ಎರಡೂ ಹೆಚ್ಚುಕಡಮೆ ಒಂದೇ ಆದುದರಿಂದ ನೀರಿನಿಂದ ಬಂದ ಕಿರಣ ಬಾಗುವುದೇ ಇಲ್ಲವೆನ್ನಬಹುದು. ಮುಖವಾಡವು ಕಣ್ಣಿನ ಮುಂದೆ ಮತ್ತೆ ಗಾಳಿಯನ್ನು ನಿಲ್ಲಿಸುವುದರಿಂದ ನೋಟ ತಿಳಿಯಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಚಪ್ಪಟೆ ಗಾಜಿನ ಮೂಲಕ ನೋಡಿದಾಗ ನಾಲ್ಕು ಅಡಿ ದೂರದ ಮೀನು ಮೂರೇ ಅಡಿಯಲ್ಲಿರುವಂತೆ ತೋರುತ್ತದೆ. ಅದರ ಗಾತ್ರವೂ ಹಿರಿದಾದಂತೆ ಕಾಣುತ್ತದೆ.

ಇನ್ನು ಕೊಳವೆ. ಕೊಡಗಿನ ಚೆಟ್ಟಳ್ಳಿಯಿಂದ ಒಂದು ಸಂಸಾರ ನೇತ್ರಾಣಿಗೆ ಹೊರಟಿತೆಂದು ಭಾವಿಸೋಣ. ಚೆಟ್ಟಳ್ಳಿಯು ಸಮುದ್ರಮಟ್ಟದಿಂದ ಸುಮಾರು 1,000 ಮೀಟರು ಎತ್ತರದಲ್ಲಿದೆ. ಘಟ್ಟವಿಳಿದು ಕಡಲ ತೀರವನ್ನು ಮುಟ್ಟುವಷ್ಟರಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೆಯ ಒಂದು ಪಾಲು ಹೆಚ್ಚಿರುತ್ತದೆ. ಅಷ್ಟೇ ಹೆಚ್ಚಳವನ್ನು ಪಡೆಯಲು ನೀರಿನಲ್ಲಿ 1 ಮೀಟರು ಮುಳುಗಿದರೆ ಸಾಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ಘಟ್ಟವಿಳಿಯುವಾಗ ನಮಗೆ ಕಷ್ಟವೆನಿಸದಿರುವುದೇಕೆ? ಹೊರಗಿನ ಒತ್ತಡ ಏರಿದಂತೆ ಶ್ವಾಸಕೋಶದೊಳಗಿನ ಗಾಳಿಯ ಒತ್ತಡವೂ ಏರುತ್ತದೆ, ಎರಡೂ ಸಮತೂಗುತ್ತವೆ. ಕೊಳವೆಯ ಮೂಲಕ ಉಸಿರಾಡುವವನ ಸ್ಥಿತಿ ಹಾಗಲ್ಲ. ಅವನ ಶ್ವಾಸಕೋಶದಲ್ಲಿರುವುದು ನೀರಿನ ಮೇಲಣ ಗಾಳಿಯ ಒತ್ತಡ. ಎದೆಯನ್ನು ಹೊರಗಿನಿಂದ ಅದುಮುವುದು ಆಳದ ನೀರಿನ ಒತ್ತಡ. 1 ಮೀಟರು ಆಳದಲ್ಲಿ ಈ ವ್ಯತ್ಯಾಸ ಪ್ರತಿ ಚದರ ಸೆಂಟಿಮೀಟರಿಗೆ 100 ಗ್ರಾಂ ತೂಕದಷ್ಟು. ಎದೆಯ ಮುಂಭಾಗ 600 ಚದರ ಸೆಂಟಿಮೀಟರೆಂದು ಹಿಡಿದರೆ ಒಟ್ಟು ಭಾರ 60 ಕಿಲೋಗ್ರಾಂ! ಬಲಿಷ್ಠನಾದವನು ಒಂದೆರಡು ಸಲ ಈ ಭಾರವನ್ನೆತ್ತಿ ಉಸಿರೆಳೆದಾನು, ಅದನ್ನು ಮುಂದುವರಿಸಲಾರನು. ಇನ್ನೂ ಆಳಕ್ಕಿಳಿದರೆ ರಕ್ತವು ಎದೆಯೊಳಕ್ಕೆ ನೂಕಲ್ಪಟ್ಟು ಹೃದಯ ಶ್ವಾಸಕೋಶಗಳಿಗೆ ಪೆಟ್ಟಾಗುತ್ತದೆ.

ಎರಡನೆಯ ತೊಡಕು ಇದಕ್ಕಿಂತಲೂ ಮೋಸದ್ದು. ನಾವು ಸಾಧಾರಣವಾಗಿ ಒಮ್ಮೆ ಒಳಗೆಳೆಯುವ ಗಾಳಿ ಸುಮಾರು 500 ಘನ ಸೆಂಟಿಮೀಟರು. ಇದರಲ್ಲಿ 150 ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ಉಪಯೋಗಕ್ಕೆ ಬಾರದು. 2 ಸೆಂಟಿಮೀಟರು ವ್ಯಾಸದ, 40 ಸೆಂಟಿಮೀಟರು ಉದ್ದದ ಕೊಳವೆಯಲ್ಲಿ ಸುಮಾರು 125 ಘನ ಸೆಂಟಿಮೀಟರು ಗಾಳಿ ಹಿಡಿಯುತ್ತದೆ. ಉಸಿರು ಬಿಟ್ಟಾಗ ಕೊಳವೆಯಲ್ಲಿ ನಿಂತ ಕೆಟ್ಟ ಗಾಳಿಯೇ ಮರುಸಲ ಮೊದಲು ಒಳಬರುವುದು. ಆದುದರಿಂದ ದಕ್ಕುವ ಹೊಸ ಗಾಳಿ 225 ಮಾತ್ರ. ನಿಧಾನವಾಗಿ, ಆಳವಾಗಿ ಉಸಿರಾಡಬೇಕೆಂದು ಹೇಳುವುದು ಇದಕ್ಕೇ. ಕೊಳವೆಯನ್ನು 1 ಮೀಟರಿಗೆ ಬೆಳೆಸಿದರೆ ಅದರಲ್ಲಿ 314 ಘನ ಸೆಂಟಿಮೀಟರು ಗಾಳಿ ನಿಲ್ಲುತ್ತದೆ. ದಕ್ಕುವುದು ಬರೀ 36. ಇನ್ನೊಂದು ಗೇಣು ಸೇರಿಸಿದರೆ ಸೊನ್ನೆ! ಎದೆ ಏರಿಳಿಯುತ್ತಲೇ ಇರುತ್ತದೆ, ಆದರೆ ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತಿರುತ್ತೇವೆ. ಮಕ್ಕಳ ಉಸಿರಿನ ಪ್ರಮಾಣ ಇನ್ನೂ ಕಡಿಮೆ. 250 ಘನ ಸೆಂಟಿಮೀಟರು ಎಳೆಯುವ ಮಗುವಿಗೆ ದೊಡ್ಡವರ ಕೊಳವೆಯನ್ನು ಕೊಟ್ಟರೆ ಅರ್ಧದಷ್ಟು ಉಸಿರು ಕೊಳವೆಯ ಪಾಲಾಗುತ್ತದೆ. ಮಕ್ಕಳಿಗೆ ಚಿಕ್ಕ ಕೊಳವೆಯೇ ಬೇಕು.

ಹಾಗಾದರೆ ಸಣ್ಣ ವ್ಯಾಸದ ಕೊಳವೆಯನ್ನು ಬಳಸಬಾರದೆ? ಅದೂ ಸಲ್ಲದು. ನಯವಾಗಿ ಹರಿಯುವ ಗಾಳಿಗೆ ಕೊಳವೆ ಒಡ್ಡುವ ಅಡ್ಡಿಯು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿದೆ. ತ್ರಿಜ್ಯವನ್ನು ಅರ್ಧಕ್ಕಿಳಿಸಿದರೆ ಅಡ್ಡಿ 16 ಪಟ್ಟಾಗುತ್ತದೆ.

ಈ ನಿಯಮಗಳು ಕಡಲಿಗೆ ಮಾತ್ರ ಸೀಮಿತವಲ್ಲ. ಕಾಫಿ ತೋಟಗಳ ಕೆರೆಗಳಲ್ಲಿ ಈಜುವ ಹುಡುಗರಿಗೆ ಗಿಡಗಳಿಗೆ ನೀರು ಬಿಡುವ ಪೈಪು ಸುಲಭವಾಗಿ ಕೈಗೆ ಸಿಗುತ್ತದೆ. ಅದರ ಒಂದು ತುದಿಯನ್ನು ಬಾಯಲ್ಲಿಟ್ಟು ಮುಳುಗುವ ಸಾಹಸವನ್ನು ಯಾರೂ ಮಾಡಬಾರದು. ಮುಳುಗುವ ಮುನ್ನ ಸರಸರನೆ ಹತ್ತಾರು ಸಲ ಉಸಿರೆಳೆದುಕೊಳ್ಳುವುದೂ ಅಷ್ಟೇ ಅಪಾಯಕರ. ಉಸಿರು ಕಟ್ಟುತ್ತಿದೆಯೆಂಬ ಎಚ್ಚರಿಕೆಯನ್ನು ನಮಗೆ ಮುಖ್ಯವಾಗಿ ಕೊಡುವುದು ರಕ್ತದಲ್ಲಿ ಏರುವ ಇಂಗಾಲಾಮ್ಲ ವಾಯು. ಅದನ್ನು ಮೊದಲೇ ಹೊರಹಾಕಿಬಿಟ್ಟರೆ, ಎಚ್ಚರಿಕೆ ಬರುವ ಮುನ್ನವೇ ಆಮ್ಲಜನಕ ತೀರಿ ಪ್ರಜ್ಞೆ ತಪ್ಪುತ್ತದೆ. ನಿಪುಣ ಈಜುಗಾರರೂ ಹೀಗೆ ಸತ್ತದ್ದುಂಟು.

ಆಳಕ್ಕಿಳಿಯಬೇಕಾದವರು ಸಂಪೀಡಿತ ಗಾಳಿಯ ಉರುಳೆಯನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ. ಅದರ ಯಂತ್ರವು ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲೇ ಗಾಳಿಯನ್ನೊದಗಿಸುವುದರಿಂದ ಎದೆಗೆ ಭಾರವಿಲ್ಲ. ಇದಕ್ಕೆ ಶಿಕ್ಷಣವೂ ಮೇಲ್ವಿಚಾರಣೆಯೂ ಅಗತ್ಯ.

ಆದರೆ ಹವಳವನ್ನು ನೋಡಲು ಅಷ್ಟೆಲ್ಲ ಬೇಕಾಗಿಲ್ಲ. ಹವಳವು ಪ್ರಾಣಿಯಾದರೂ ದಿಬ್ಬ ಕಟ್ಟುವ ಹವಳಗಳ ಮೈಯಲ್ಲಿ ಸೂಕ್ಷ್ಮ ಪಾಚಿಗಳು ವಾಸಿಸಿ, ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೆ ಉಣಿಸುತ್ತವೆ. ಆದಕಾರಣ ಅವು ಬೆಳಕು ತಲುಪುವ ತಿಳಿನೀರಿನಲ್ಲೇ ಹೆಚ್ಚಾಗಿ ಬೆಳೆಯುತ್ತವೆ. ಕಡಲು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ನಿಂತರೆ ಪಾಚಿಗಳು ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. 2024ರಲ್ಲಿ ಲಕ್ಷದ್ವೀಪದಲ್ಲಿ ಹೀಗಾಯಿತು. ಇಂಥ ನಾಜೂಕಾದ ಜೀವಿಯ ಮೇಲೆ ಕಾಲೂರದೆ, ಕೈಯಿಡದೆ, ಮೇಲೆ ತೇಲುತ್ತ ನೋಡುವುದೇ ಸರಿಯಾದ ಕ್ರಮ. ಗಿಡ್ಡ ಕೊಳವೆ ನಮ್ಮನ್ನು ತಡೆದು ನಿಲ್ಲಿಸುವುದೂ ಅಲ್ಲಿಯೇ. ಅದರಿಂದ ನಮಗೂ ಕ್ಷೇಮ, ಹವಳಕ್ಕೂ ಕ್ಷೇಮ.