ಆಳಿನ ಗುಣ, ಅರ್ಜಿಯ ಪ್ರಶ್ನೆ

ಆಳಂದದಲ್ಲಿ ಡಿಗ್ರಿ ಮುಗಿಸಿದ ಹುಡುಗಿ ಪುಣೆಯದೋ ಬೆಂಗಳೂರಿನದೋ ಕಂಪನಿಗೆ ಅರ್ಜಿ ಹಾಕಿದರೆ ಅಂಕಪಟ್ಟಿಯೊಂದೇ ಸಾಲದ ಕಾಲವಿದು. ಮೊಬೈಲಿಗೆ ಸ್ವಭಾವ ಪರೀಕ್ಷೆಯ ಲಿಂಕ್ ಬರುತ್ತದೆ. ಪರಿಚಯವಿಲ್ಲದವರ ನಡುವೆ ನೀವಾಗಿಯೇ ಮಾತಿಗಿಳಿಯುತ್ತೀರಾ? ಹಿಡಿದ ಕೆಲಸ ಅರ್ಧಕ್ಕೆ ಬಿಡುವುದುಂಟಾ? ಸರಿ ಉತ್ತರ, ತಪ್ಪು ಉತ್ತರ ಎಂಬುದಿಲ್ಲ ಎಂದು ಮೇಲೆಯೇ ಬರೆದಿರುತ್ತದೆ. ಹಾಗಿದ್ದೂ ಯಾವ ಉತ್ತರಕ್ಕೆ ನೌಕರಿ ಸಿಗುತ್ತದೆಂದು ಊಹಿಸಲು ಬರದಷ್ಟು ದಡ್ಡರು ಯಾರೂ ಇಲ್ಲ.

ಕೆಲಸಗಾರರನ್ನು ತೂಗಿ ನೋಡುವುದು ಈ ಕಲಬುರಗಿ ಸೀಮೆಗೆ ಹೊಸದಲ್ಲ. ಅಫಜಲಪುರದ ಭೀಮಾ ತೀರದಲ್ಲಿ ಕಬ್ಬು ಕಡಿಯುವ ಟೋಳಿ ಕಟ್ಟುವ ಮುಕಾದಮ, ಜೇವರ್ಗಿಯಲ್ಲಿ ಹತ್ತಿ ಬಿಡಿಸಲು ಹೆಣ್ಣಾಳು ಕರೆಯುವವಳು, ಆಳಂದದಲ್ಲಿ ತೊಗರಿ ರಾಶಿಗೆ ಮಂದಿ ಹೊಂದಿಸುವ ರೈತ, ಇವರೆಲ್ಲ ಕೇಳುವುದು ಎರಡೇ ಮಾತು: ‘ಮಂದಿ ಜೋಡಿ ಹೊಂದಿಕೊಂಡು ಹೋಗ್ತಾನೇನು? ಹೇಳಿದ್ ಕೆಲಸ ಮುಗಸ್ತಾನೇನು?’

ಮನೋವಿಜ್ಞಾನಿಗಳು ಹೆಚ್ಚು ನಂಬುವ ‘ಬಿಗ್ ಫೈವ್’ ಅಳತೆಯಲ್ಲಿ ಐದು ಗುಣಗಳಿವೆ: ಹೊಸತಿಗೆ ತೆರೆದ ಮನಸ್ಸು, ಅಚ್ಚುಕಟ್ಟುತನ, ಬೆರೆಯುವ ಸ್ವಭಾವ, ಸೌಹಾರ್ದ, ಭಾವನೆಯ ಏರಿಳಿತ. ಹತ್ತಾರು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರಿಗೆ 1991ರಲ್ಲಿ ಕಂಡದ್ದಿಷ್ಟು: ಉದ್ಯೋಗ ಯಾವುದೇ ಇರಲಿ, ಸಾಧನೆಗೆ ತಕ್ಕಮಟ್ಟಿಗೆ ತಾಳೆಯಾಗುವುದು ಅಚ್ಚುಕಟ್ಟುತನ. ಬೆರೆಯುವ ಸ್ವಭಾವ ಲಾಭ ತರುವುದು ಮಾರಾಟ, ಮೇಲ್ವಿಚಾರಣೆಯಂಥ ಕೆಲಸಗಳಲ್ಲಿ. ಬಾಯಿ ಸತ್ತ ಹುಡುಗನನ್ನು ಸಂದರ್ಶನದಲ್ಲೇ ಕೈಬಿಡುವವರು ಇದನ್ನು ಓದಬೇಕು.

ಆದರೆ ಈ ಐದರ ಲೆಕ್ಕ ಬೆಳೆದದ್ದು ಬಹುಪಾಲು ಓದುಬರಹ ಬಲ್ಲ ಪಟ್ಟಣಿಗರ ಉತ್ತರಗಳ ಮೇಲೆ. ಬೊಲಿವಿಯಾದ ಕಾಡಂಚಿನಲ್ಲಿ ಬೇಸಾಯ, ಬೇಟೆ ಮಾಡಿ ಬದುಕುವ ಚಿಮಾನೆ ಜನರಲ್ಲಿ ಮೈಕೆಲ್ ಗರ್ವೆನ್ ಮತ್ತು ಸಂಗಡಿಗರು ಇದೇ ಪ್ರಶ್ನೆಗಳನ್ನಿಟ್ಟಾಗ ಐದು ಗುಣಗಳು ಸರಿಯಾಗಿ ಮೂಡಲೇ ಇಲ್ಲ. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎದ್ದು ಕಂಡವು ಎರಡು: ನಾಲ್ಕು ಮಂದಿಗೆ ಒದಗುವ ಗುಣ ಮತ್ತು ದುಡಿಮೆ. ಮುಕಾದಮನ ಎರಡು ಪ್ರಶ್ನೆಗಳಿಗೂ ಇದಕ್ಕೂ ದೂರವೇನಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಸುತ್ತಲ ಹಳ್ಳಿಗಳಲ್ಲಿ ಇಂಥದೊಂದು ಅಧ್ಯಯನ ನಡೆದರೆ ಕುತೂಹಲದಿಂದ ಓದುವವರಲ್ಲಿ ನಾನೂ ಒಬ್ಬ.

ವಾಟ್ಸಾಪಿನಲ್ಲಿ ಹರಿದಾಡುವ ನಾಲ್ಕಕ್ಷರದ ‘ಟೈಪ್’ಗಳ ಮೂಲ ಮಯರ್ಸ್–ಬ್ರಿಗ್ಸ್ ಪರೀಕ್ಷೆ. ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕವನ್ನು ಆಧರಿಸಿ ಅಮೆರಿಕದ ತಾಯಿ–ಮಗಳು ಕಟ್ಟಿದ್ದು. ಇಬ್ಬರೂ ಮನೋವಿಜ್ಞಾನ ಓದಿದವರಲ್ಲ. ಕೆಲ ವಾರ ಬಿಟ್ಟು ಮತ್ತೆ ಬರೆದರೆ ಹಲವರ ಅಕ್ಷರ ಬದಲಾಗಿರುತ್ತದೆ. ನೇಮಕಾತಿಗೆ ಇದನ್ನು ಬಳಸಬೇಡಿ ಎಂದು ಅದನ್ನು ಮಾರುವ ಕಂಪನಿಯೇ ಹೇಳುತ್ತದೆ. ಗೆಳೆಯರ ನಡುವೆ ಹರಟೆಗೆ ಅಡ್ಡಿಯಿಲ್ಲ.

ಇನ್ನೂ ಒಂದು ವಿಷಯವಿದೆ, ನನಗೆ ಇದೇ ಮುಖ್ಯವೆನಿಸುವುದು. ಒಬ್ಬರ ಸ್ವಭಾವವನ್ನು ಅವರೇ ಅಂದಾಜಿಸುವುದಕ್ಕಿಂತ, ಜೊತೆಗಿದ್ದು ಬಲ್ಲವರು ಅಂದಾಜಿಸಿದರೆ ಕೆಲಸದ ಸಾಧನೆಗೆ ಹೆಚ್ಚು ಹೊಂದುತ್ತದೆ. ಕಾನೆಲಿ ಮತ್ತು ಓನ್ಸ್ 2010ರಲ್ಲಿ ಒಟ್ಟುಗೂಡಿಸಿದ ಅಧ್ಯಯನಗಳು ತೋರಿಸಿದ್ದು ಇದನ್ನೇ. ಹಾಗಾಗಿ ಲಿಂಕಿನ ಫಲಿತಾಂಶ ಕೈಗೆ ಬಂದಾಗ ಅದನ್ನು ಜೊತೆಗೆ ದುಡಿದವರೊಬ್ಬರಿಗೆ ತೋರಿಸಿ ‘ನಾ ಖರೇನ ಹಿಂಗ ಅದೀನೇನು?’ ಎಂದು ಕೇಳುವುದು ಒಳ್ಳೆಯದು. ಅವರು ನಕ್ಕರೆ, ಎಲ್ಲಿ ನಕ್ಕರು ಎಂಬುದನ್ನು ಗಮನಿಸಬೇಕು.

ಅರ್ಜಿಯಲ್ಲಿ ಮಾತ್ರ ಹೀಗೆ ಜೊತೆಗೆ ದುಡಿದು ಬಲ್ಲವರಿಗೆ ಜಾಗವಿಲ್ಲ. ಕಾಲೇಜು ಗುಣನಡತೆ ಪತ್ರದಲ್ಲಿ ಎಲ್ಲರಿಗೂ ಒಂದೇ ಸಾಲು ಬರೆದುಕೊಡುತ್ತದೆ. ಅಪ್ಪನಿಲ್ಲದ ಸುಗ್ಗಿಯಲ್ಲಿ ಆಳು ಕರೆದು, ಕೂಲಿ ಲೆಕ್ಕವಿಟ್ಟು, ತೊಗರಿ ರಾಶಿ ಮುಗಿಸಿ ಕಲಬುರಗಿ ಮಾರುಕಟ್ಟೆಗೆ ಸಾಗಿಸಿದ ಹುಡುಗಿಯೂ ‘ಅನುಭವ’ ಎಂಬ ಕಾಲಂನಲ್ಲಿ ‘ಇಲ್ಲ’ ಎಂದೇ ತುಂಬುತ್ತಾಳೆ.